ಹಿಮ್ಮಡಿ ಊರದ ಹುಡುಗಿ

ಆರೋಗ್ಯವಂತ ಮಕ್ಕಳು ನಡೆಯುವಾಗ ಪಾದದ ಯಾವ ಭಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆಂದು ಒಂದು ಅಧ್ಯಯನಕ್ಕಾಗಿ ಅಳೆಯುತ್ತಿದ್ದ ಆಸ್ಪತ್ರೆಯ ಕೋಣೆ ಅದು. ನನ್ನ ಮಗಳ ಸರದಿಗೆ ಕಾಯುತ್ತ ಬಾಗಿಲ ಬಳಿ ಕೂತಿದ್ದೆ. ಒಳಗೆ ಒಬ್ಬ ಹುಡುಗಿ ಕಪ್ಪು ಚಾಪೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಗೋಡೆಗೊರಗಿ ನಿಂತ ಅವಳ ತಾಯಿ ಆಕಳಿಕೆ ನುಂಗುತ್ತಿದ್ದಳು. ಅಳೆಯುವಾಕೆ ಕಂಪ್ಯೂಟರ್ ಪರದೆಯಿಂದ ತಲೆಯೆತ್ತಿದಳು.

“ಹಿಮ್ಮಡಿ ಗುರುತೇ ಬೀಳ್ತಿಲ್ಲ ಪುಟ್ಟಿ. ಬೆಕ್ಕಿನ ಹಾಗೆ ಬೇಡ, ಮನೇಲಿ ನಡೆಯೋ ಹಾಗೆ ನಡಿ.”

“ಮನೇಲೂ ಹೀಗೇ ನಡೆಯೋದು.”

“ಯಾಕೆ, ಕಾಲು ನೋಯುತ್ತಾ?”

“ಇಲ್ಲ. ಅಮ್ಮಂಗೆ ರಾತ್ರಿ ಪಾಳಿ. ನಾನು ಸ್ಕೂಲಿಂದ ಬಂದಾಗ ಮಲಗಿರ್ತಾಳೆ.”

“ಇಲ್ಲಿ ಯಾರೂ ಮಲಗಿಲ್ವಲ್ಲ. ಧೈರ್ಯವಾಗಿ ಊರು.”

ಹುಡುಗಿ ಊರಿದಳು. ಪರದೆಯ ಮೇಲೆ ಹಿಮ್ಮಡಿಗಳು ಕೆಂಪಗೆ ಮೂಡಿದವು.

“ಕಾಲಲ್ಲಿ ಏನೂ ದೋಷ ಇಲ್ಲಮ್ಮ,” ಎಂದು ಅಳೆಯುವಾಕೆ ತಾಯಿಗೆ ಹೇಳಿದಳು.

ತಾಯಿ ಹೊರಗೆ ಬಂದು, ನನ್ನ ಪಕ್ಕದಲ್ಲೇ ಬಗ್ಗಿ ಮಗಳಿಗೆ ಚಪ್ಪಲಿ ಹಾಕಿಸಿದಳು.

“ಮನೇಲೂ ಹಾಗೇ ನಡಿ. ನಂಗೆ ಎಚ್ಚರ ಆದ್ರೆ ಆಗ್ಲಿ.”

“ಎಚ್ಚರ ಆದ್ರೆ ‘ಏನು ಬೇಕು’ ಅಂತ ಕೇಳ್ತೀಯ.”

“ಕೇಳಿದ್ರೆ ಹೇಳು.”

“ಏನೂ ಬೇಕಾಗಿರಲ್ವಲ್ಲಮ್ಮ.”

ಕಾರಿಡಾರಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಹೋದರು. ಒಬ್ಬರ ಹೆಜ್ಜೆಯ ಸದ್ದು ಮಾತ್ರ ಕೇಳಿಸಿತು.