ಪೇಪರ್ ಸುತ್ತದ ಪೊಟ್ಟಣ

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಂದಾ, ರಾಜಬೀ ಎಂಬ ಇಬ್ಬರು ನಡುವಯಸ್ಸಿನ ಗೆಳತಿಯರು ಕುಳಿತಿದ್ದರು. ಕುಂದಾಳ ಕೈಯಲ್ಲಿ ಎರಡು ಕಾಂಡೋಮ್ ಪೊಟ್ಟಣಗಳಿದ್ದವು.

"ನಿನ್ನ ಗಂಡ ಸತ್ತು ನಾಕ ವರ್ಷ ಆತು, ಇವು ಯಾರಿಗಂತ ಮೆಡಿಕಲ್ಲಿನವ ಕೇಳಲಿಲ್ಲೇನು?" ರಾಜಬೀ ಪಿಸುಗುಟ್ಟಿದಳು.

"ಕೇಳಿದಾ. ವೈಬ್ರೇಟರಿಗೆ ಅಂದೆ."

"ಯಾ ಅಲ್ಲಾ!"

"ಪ್ರತಿ ಸಲ ಹೊಸಾದು ಹಾಕಿದ್ರ ಸ್ವಚ್ಛ ಇರ್ತೈತಿ ಅಂತ ಡಾಕ್ಟರಬಾಯಿನ ಹೇಳ್ಯಾರ."

"ಗುರ್ತಿನವರಿಲ್ಲದ ಬೆಳಗಾವ್ಯಾಗ ತಗೋಬೇಕಿತ್ತು."

"ಸ್ವಚ್ಛ ಇರಾಕ ಬೆಳಗಾವಿತನಕ ಹೋಗ್ಬೇಕೇನು?"

"ಪೇಪರನ್ಯಾಗರ ಸುತ್ತಿಸ್ಕೋಬೇಕಿಲ್ಲ?"

"ಸುತ್ತಿದ್ದಾ. ಪೇಪರ್ ಬಿಚ್ಚಿ ಅವನ ಮುಂದನ ಇಟ್ಟು ಬಂದೆ."

ಅವರ ಬಸ್ಸು ಬಂತು. ರಾಜಬೀ ಗಡಬಡಿಸಿ ತನ್ನ ಚೀಲದ ಬಾಯಿ ತೆರೆದು ಹಿಡಿದಳು. ಕುಂದಾ ಒಂದೇ ಪೊಟ್ಟಣ ಅದರೊಳಗೆ ಹಾಕಿದಳು.

"ನಿಂದು ಮುಚ್ಚಿಟ್ಕೋ. ನಂದು ಕೈಯಾಗ ಇರಲಿ," ಎಂದು ಬಸ್ಸು ಹತ್ತಿದಳು.