ನಾಲ್ಕು ಭಾನುವಾರಗಳ ಗೈರುಹಾಜರಿ

ಸಂಘದ ಅಧ್ಯಕ್ಷೆ ಪ್ರಿಸಿಲಾ ಯಬಾರಾ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ವರ್ಷ ಪದವಿ ಮುಗಿಸಿ ಹೊರಡುತ್ತಿರುವ ಬ್ರದರ್‌ಗಳೇ, ಈ ಸಂಘದಲ್ಲಿ ಮಕ್ಕಳು ಅದೇನು ಮಾಡುತ್ತಾರೋ ಇವತ್ತಾದರೂ ತಿಳಿಯಲಿ ಎಂದು ಮಿಶಿಗನ್ನಿನ ಮೂಲೆಮೂಲೆಯಿಂದ ಕಾರು ಓಡಿಸಿಕೊಂಡು ಬಂದಿರುವ ತಂದೆತಾಯಂದಿರೇ, ಸಭಿಕರೇ,

ಮೊದಲು ತಂದೆತಾಯಂದಿರಿಗೆ ಒಂದು ಸಮಾಧಾನದ ಮಾತು. ನಿಮ್ಮ ಮಗಳನ್ನು ಇಲ್ಲಿ ಎಲ್ಲರೂ ‘ಬ್ರದರ್’ ಎಂದು ಕರೆಯುವುದನ್ನು ಕೇಳಿ ಗಾಬರಿಯಾಗಬೇಡಿ. ಮುಂದೆ ಕಾನೂನು ಓದಬೇಕೆಂದಿರುವ ಹುಡುಗ ಹುಡುಗಿಯರೆಲ್ಲ ಸೇರಬಹುದಾದ ಭ್ರಾತೃಸಂಘ ಇದು. ಹಿಂದಿನವರು ಹೆಣ್ಣುಮಕ್ಕಳಿಗೆ ಬಾಗಿಲನ್ನೇನೋ ತೆರೆದರು, ಕರೆಯುವುದಕ್ಕೆ ಇನ್ನೊಂದು ಹೆಸರು ಹುಡುಕುವಷ್ಟು ವ್ಯವಧಾನ ಅವರಿಗಿರಲಿಲ್ಲ. ನಾನು ಸೇರಿದಾಗ ನನ್ನ ತಾಯಿ ಫೋನಿನಲ್ಲಿ ಕೇಳಿದ್ದರು: “ಅಲ್ಲ ಕಣೇ, ಸಿಸ್ಟರ್ ಅನ್ನೋಕೆ ಅವರ ಗಂಟೇನು ಹೋಗುತ್ತೆ?” ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಧ್ಯಕ್ಷರು ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನಾಡಿದರು. ಲೊರೆಟಾ ವಾಂಡರ್‌ಮೋಲನ್ ಎಂಬ ಹೆಸರನ್ನು ಒಂದೇ ಉಸಿರಿಗೆ ಸರಿಯಾಗಿ ಹೇಳಿದರು. ಇಪ್ಪತ್ತೈದು ವರ್ಷ ಸರ್ಕಾರಿ ವಕೀಲೆಯಾಗಿ ದುಡಿದರೂ ಕೆಲವು ನ್ಯಾಯಾಧೀಶರ ಬಾಯಲ್ಲಿ ಅದು ಇವತ್ತಿಗೂ ಸರಿಯಾಗಿ ಹೊರಡುವುದಿಲ್ಲ. ನನ್ನ ಮೊದಲ ವಾದ ಇದೇ ಸಂಘದ ಸಭೆಯಲ್ಲಿ ನಡೆಯಿತು, ಅದರಲ್ಲಿ ನಾನು ಗೆದ್ದೆ ಎಂದೂ ಹೇಳಿದರು. ಎರಡೂ ನಿಜ. ಅದು ಯಾರ ವಿರುದ್ಧದ ವಾದ ಎಂದು ಮಾತ್ರ ಅವರಿಗೆ ಗೊತ್ತಿಲ್ಲ. ಈ ಸನ್ಮಾನವನ್ನು ನಾನು ಒಪ್ಪಿಕೊಂಡದ್ದು ಅದನ್ನು ಹೇಳಲಿಕ್ಕಾಗಿ.

ನಮ್ಮಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಒಬ್ಬ ಹಿರಿಯರನ್ನು ಗಂಟುಹಾಕುತ್ತಾರೆ. ಹಿರಿಯರು ‘ಬಿಗ್’, ಹೊಸಬರು ‘ಲಿಟಲ್’. ಮೂರನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದವನು ಸ್ಯಾಗಿನಾದ ಹುಡುಗ, ಓಡೆಲ್ ಪ್ರೇಥರ್. ಹೊಸಬರು ಎಲ್ಲ ಸದಸ್ಯರನ್ನೂ ಕಂಡು, ಸಂದರ್ಶನ ಮಾಡಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಬೇಕಲ್ಲ? ಉಳಿದವರು “ಸಂವಿಧಾನದ ಯಾವ ತಿದ್ದುಪಡಿ ನಿಮಗೆ ಅಚ್ಚುಮೆಚ್ಚು?” ಎಂದು ಕೇಳಿ ನಮ್ಮ ತಲೆ ತಿನ್ನುತ್ತಿದ್ದರು. ಓಡೆಲ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ: “ನಿಮ್ಮನೇಲಿ ರಜಾ ದಿನ ಏನ್ ಅಡುಗೆ ಮಾಡ್ತಾರೆ?” ಎಂಥೆಂಥ ಬಿಗುಮಾನದವರೂ ಅದಕ್ಕೆ ಅರ್ಧ ಗಂಟೆ ಉತ್ತರ ಹೇಳಿದರು. ನಾನು ನನ್ನ ಅಜ್ಜಿಯ ಬಟಾಣಿ ಸೂಪಿನ ಬಗ್ಗೆ ಹೇಳುತ್ತಾ ಅತ್ತುಬಿಟ್ಟೆ. ಅವನನ್ನು ಇಷ್ಟಪಡದವರು ಸಂಘದಲ್ಲಿ ಇರಲಿಲ್ಲ.

ಆಗಲೂ ಸಂಘದ ಸಭೆ ಭಾನುವಾರ ಸಂಜೆಯೇ. ಒಂದು ಸೆಮಿಸ್ಟರಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಕಾರಣವಿಲ್ಲದೆ ತಪ್ಪಿಸಿಕೊಂಡರೆ ವಿಚಾರಣೆ. ಕಾರಣವಿದ್ದರೆ ಅದನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓಡೆಲ್ ನಾಲ್ಕು ಭಾನುವಾರ ಬರಲಿಲ್ಲ. ಯಾಕೆಂದು ನನಗೊಬ್ಬಳಿಗೇ ಹೇಳಿದ್ದ.

“ಬಿಗ್, ಯಾರಿಗೂ ಹೇಳ್ಬೇಡ. ಅಪ್ಪ ಜೈಲಲ್ಲಿದಾರೆ. ತಿಂಗಳಿಗೊಂದ್ ಭಾನುವಾರ ನೋಡೋಕೆ ಬಿಡ್ತಾರೆ. ಹೋಗ್ಬರೋದಕ್ಕೇ ಹತ್ತು ಗಂಟೆ ಬೇಕು.”

“ಅದನ್ನೇ ಬರೆದುಕೊಡೋ, ಯಾರ್ ಏನಂತಾರೆ?”

“ಇಲ್ಲಿರೋರೆಲ್ಲ ನಾಳೆ ಜಡ್ಜ್ ಆಗೋರು. ಏನೂ ಅನ್ನಲ್ಲ. ನೋಡ್ತಾರಲ್ಲ, ಆ ನೋಟ ನಂಗೊತ್ತು.”

ಸಭಿಕರೇ, ಆ ವರ್ಷ ಶಿಸ್ತು ಸಮಿತಿಯ ಪರವಾಗಿ ವಾದಿಸುವ ಹೊಣೆ ನನ್ನದಾಗಿತ್ತು. ಗುಟ್ಟು ಕಾಪಾಡುತ್ತೇನೆಂದು ಮಾತು ಕೊಟ್ಟಿದ್ದೆ, ಹಾಗಾಗಿ ಬಾಯಿ ಬಿಡುವಂತಿರಲಿಲ್ಲ. ವಕೀಲರಾಗುವವರಿಗೆ ಗುಟ್ಟಿನ ಬೆಲೆ ಗೊತ್ತಿರಬೇಡವೇ? ಇದನ್ನು ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ನಿಮ್ಮೆದುರು ಹೇಳುವಾಗ ಅದು ಅಷ್ಟು ಗಟ್ಟಿಯಾಗಿ ಕೇಳಿಸುತ್ತಿಲ್ಲ. ಗುಟ್ಟು ಕಾಪಾಡಬೇಕಾದರೆ ವಾದ ಮಾಡಲೇಬೇಕಿತ್ತೇ? “ಇವನು ನನ್ನ ಲಿಟಲ್, ಬೇರೆಯವರಿಗೆ ವಹಿಸಿ” ಎನ್ನಬಹುದಿತ್ತಲ್ಲವೇ? ಸಂಬಂಧಿಕರ ಮೊಕದ್ದಮೆಯಿಂದ ಹಿಂದೆ ಸರಿಯಬೇಕೆಂಬ ನಿಯಮವೂ ಇತ್ತಲ್ಲವೇ? ಆ ನಿಯಮವನ್ನು ನಾನೇ ಎದ್ದುನಿಂತು ಓದಿ, ಸಂಬಂಧಿಕರು ಎಂದರೆ ರಕ್ತಸಂಬಂಧಿಗಳು ಮಾತ್ರ ಎಂದು ವ್ಯಾಖ್ಯಾನ ಮಾಡಿದೆ. ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುವ ಅರವತ್ತು ಜನ ತಲೆಯಾಡಿಸಿದರು.

ನಿಜ ಹೇಳುತ್ತೇನೆ. ಅಂದು ಕೊನೆಯ ಸಾಲಿನಲ್ಲಿ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಕುಳಿತಿದ್ದರು, ದೊಡ್ಡ ವಕೀಲರು. ಅವರು ಬರುತ್ತಾರೆಂದು ನನಗೆ ಒಂದು ವಾರ ಮೊದಲೇ ಗೊತ್ತಿತ್ತು. ಬೂದು ಬಣ್ಣದ ಹೊಸ ಕೋಟು ಹೊಲಿಸಿಕೊಂಡಿದ್ದೆ. ಹದಿನಾಲ್ಕು ನಿಮಿಷ ವಾದಿಸಿದೆ. ನಿಯಮ ಎಲ್ಲರಿಗೂ ಒಂದೇ ಎಂದೆ, ಪ್ರೀತಿಗೆ ಸೋತ ನ್ಯಾಯ ನ್ಯಾಯವಲ್ಲ ಎಂದೆ, ಇನ್ನೂ ಏನೇನೋ ಎಂದೆ. ಕೊನೆಗೆ ಅವನ ಕಡೆ ತಿರುಗಿ ಕೇಳಿದೆ: “ಬ್ರದರ್ ಪ್ರೇಥರ್, ಈ ನಾಲ್ಕು ಭಾನುವಾರಗಳ ಗೈರುಹಾಜರಿಗೆ ಏನಾದರೂ ಕಾರಣ ಕೊಡುತ್ತೀರಾ?”

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವಕೀಲರು ಕೇಳಬಾರದು. ನನಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ಹೇಳುವುದಿಲ್ಲ ಎಂದೂ ಗೊತ್ತಿತ್ತು.

ಅವನು ನನ್ನನ್ನೇ ನೋಡಿದ. “ಇಲ್ಲ, ಬ್ರದರ್” ಎಂದ. ಅಷ್ಟು ದಿನದಲ್ಲಿ ಮೊದಲ ಸಲ ನನ್ನನ್ನು ಬಿಗ್ ಎನ್ನಲಿಲ್ಲ. ಕೋಟಿನಿಂದ ಸಂಘದ ಪಿನ್ ಬಿಚ್ಚಿ, ಮೇಜಿಗೆ ಗೀರು ಬೀಳದ ಹಾಗೆ ಮೆಲ್ಲಗೆ ಇಟ್ಟು ಹೋದ. ಸಭೆ ಮತ ಹಾಕಿ ಅವನನ್ನು ಸಂಘದಿಂದ ಹೊರಹಾಕಿತು. ಜನ ಚಪ್ಪಾಳೆ ತಟ್ಟಿದರು, ಅದು ನನ್ನ ವಾದಕ್ಕೆ. ಆ ಹಿರಿಯ ವಕೀಲರು ನನಗೆ ಬರೆದುಕೊಟ್ಟ ಶಿಫಾರಸು ಪತ್ರದಿಂದಲೇ ನನಗೆ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತು. ನನಗೆ ಅಂದು ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಆಮೇಲೆ ಒಂದೂವರೆ ವರ್ಷ ಅವನು ಎದುರಾದಾಗಲೆಲ್ಲ ನಾನು ಗಡಿಯಾರ ನೋಡಿಕೊಂಡು ಬೇಗಬೇಗ ನಡೆದೆ.

ಈ ಸನ್ಮಾನದ ಕಾಗದ ಫೆಬ್ರುವರಿಯಲ್ಲಿ ಬಂತು. ಎರಡು ವಾರ ಒದ್ದಾಡಿ, ಓಡೆಲ್‌ನ ನಂಬರು ಹುಡುಕಿ ಫೋನ್ ಮಾಡಿದೆ. ಸ್ಯಾಗಿನಾದಲ್ಲಿ ಬಾಯ್ಲರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಸರು ಹೇಳಿದೆ.

“ಬಿಗ್? ಹುಷಾರಾಗಿದ್ದೀಯಾ? ಯಾರಾದ್ರೂ ತೀರ್ಕೊಂಡ್ರಾ?”

ನಾನು ಕ್ಷಮೆ ಕೇಳಲು ಶುರು ಮಾಡಿದೆ. ವಕೀಲೆಯ ಕ್ಷಮೆ ನೋಡಿ, ಪೀಠಿಕೆಯೇ ಮುಗಿಯಲಿಲ್ಲ. “ಸಾಕು ಬಿಡೇ, ಇದೂ ಹದಿನಾಲ್ಕು ನಿಮಿಷ ಆಗುತ್ತಾ?” ಎಂದ. ಆಮೇಲೆ ಅವನೇ ಹೇಳಿದ.

“ಹೊರಗೆ ಹಾಕಿದ್ದು ನಾನು ಅಪ್ಪಂಗೆ ಹೇಳ್ಲೇ ಇಲ್ಲ ಕಣೇ. ನನ್ ಮಗ ಲಾಯರ್‌ಗಳ ಸಂಘದಲ್ಲಿದಾನೆ ಅಂತ ಅವರು ಒಳಗಿದ್ದೋರ್ಗೆಲ್ಲ ಹೇಳ್ಕೊಂಡು ತಿರುಗ್ತಿದ್ರು. ಅವರನ್ನ ನೋಡೋಕ್ ಬಂದೇ ನಾನು ಹೊರಗೆ ಬಿದ್ದೆ ಅಂತ ಗೊತ್ತಾಗಿದ್ರೆ, ನಾಳೆಯಿಂದ ಬರ್ಲೇಬೇಡ ಅಂದ್ಬಿಡೋರು. ಅದಕ್ಕೇ ಸಂಘದಲ್ಲೇ ಇದೀನಿ ಅಂದೆ. ಅವರು ತೀರ್ಕೊಳ್ಳೋವರೆಗೂ ಅಂದೆ. ಒಂಬತ್ತು ವರ್ಷ.”

“ಅಷ್ಟು ವರ್ಷ ಏನಂತ ಹೇಳ್ತಿದ್ದೆ?”

“ಹೋದ ತಕ್ಷಣ ನಿನ್ ಬಿಗ್ ಹೇಗಿದಾಳೆ ಅಂತ ಕೇಳೋರು. ಏನೋ ಒಂದು ಹೇಳ್ತಿದ್ದೆ. ಜ್ವರ ಬಂದಾಗ ಸೂಪ್ ಮಾಡ್ಕೊಂಡ್ ಬಂದ್ಲು, ಪರೀಕ್ಷೆಗೆ ಓದಿಸಿದ್ಲು ಅಂತ. ವರ್ಷ ವರ್ಷ ಸಂಘದ ಬ್ಯಾಂಕ್ವೆಟ್ ಊಟಕ್ಕೂ ಹೋಗ್ತಿದ್ದೆ, ಸುಳ್ಳಲ್ಲಿ. ಕೋಳಿ ಬೆಂದಿರ್ಲಿಲ್ಲ ಅಂತಿದ್ದೆ.”

ಇವತ್ತು ನಮಗೆ ಊಟ ಬಡಿಸಿದ ಹೋಟೆಲಿನವರು ಕ್ಷಮಿಸಬೇಕು, ಕೋಳಿಯ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳೇನಲ್ಲ. ನೀವು ನಗುತ್ತಿದ್ದೀರಿ, ನಾನೂ ಅಂದು ನಕ್ಕೆ. ಫೋನ್ ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತು ತುಂಬಾ ಹೊತ್ತು ಅತ್ತೆ. ಆ ಕಥೆಗಳಲ್ಲಿ ನಾನು ಎಷ್ಟು ಒಳ್ಳೆಯವಳು! ಅವನಿಗೆ ಜ್ವರ ಬಂದಿತ್ತೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ.

ಮರಳಿ ಸಂಘಕ್ಕೆ ಬರುತ್ತೀಯಾ ಎಂದು ಕೇಳಿದ್ದೆ. “ಈ ವಯಸ್ಸಲ್ಲಿ ಪಿನ್ ಹಾಕ್ಕೊಂಡು ಬಾಯ್ಲರ್ ಕೆಳಗೆ ಮಲಗ್ಲಾ?” ಎಂದು ಗೇಲಿ ಮಾಡಿದ. ಆಮೇಲೆ ದನಿ ತಗ್ಗಿಸಿ ಅಂದ: “ನಂಗೇನೂ ಬೇಡ ಬಿಗ್. ಅಪ್ಪಂಗೆ ಅಷ್ಟೊಂದ್ ಸುಳ್ಳು ಹೇಳ್ದೆನಲ್ಲ, ಅದೊಂದು ಈಗ್ಲೂ ಎದೇಲಿ ಕೂತಿದೆ.”

ಬ್ರದರ್‌ಗಳೇ, ಈಗ ನನ್ನ ಬಿನ್ನಹ. ಇಲ್ಲಿ ಸೇರಿದವರು ಪದವಿ ಮುಗಿದ ಮೇಲೂ ಸದಸ್ಯರೇ. ಆದರೆ ನಮ್ಮಂಥ ಹಳಬರಿಗೆ ಸಂಘದಲ್ಲಿ ಮಾತನಾಡುವ ಹಕ್ಕಿದೆ, ಮತ ಹಾಕುವ ಹಕ್ಕಿಲ್ಲ, ನಿರ್ಣಯ ಮಂಡಿಸುವ ಹಕ್ಕೂ ಇಲ್ಲ. ಅದನ್ನು ನಿಮ್ಮಲ್ಲೊಬ್ಬರು ಮಾಡಬೇಕು. ನಾಳೆ ನಿಮ್ಮ ಸಭೆ ಇದೆ. ದಯವಿಟ್ಟು ಓಡೆಲ್ ಪ್ರೇಥರ್‌ನನ್ನು ನಾಳೆಯಿಂದ ಮರಳಿ ಸೇರಿಸಿಕೊಳ್ಳಬೇಡಿ. ಅವನನ್ನು ಹೊರಹಾಕಿದ ತೀರ್ಮಾನವನ್ನೇ, ಅದು ಆದ ದಿನದಿಂದಲೇ ಜಾರಿಗೆ ಬರುವಂತೆ ರದ್ದು ಮಾಡಿ. ಸಭೆಗೆ ಆ ಅಧಿಕಾರವಿದೆ. ಈ ಸಲ ನಿಯಮಾವಳಿಯನ್ನು ಪೂರ್ತಿ ಓದಿಕೊಂಡು ಬಂದಿದ್ದೇನೆ.

ಹಾಗೆ ಮಾಡಿದರೆ, ಅವನು ಒಂದು ದಿನವೂ ಹೊರಗಿರಲಿಲ್ಲ ಎಂದಾಗುತ್ತದೆ. ಜೈಲಿನ ಆ ಮೇಜಿನೆದುರು ಕುಳಿತು ಒಂಬತ್ತು ವರ್ಷ ಅವನು ತಂದೆಗೆ ಹೇಳಿದ “ಸಂಘದಲ್ಲೇ ಇದೀನಿ ಅಪ್ಪ” ಎಂಬ ಮಾತು, ಹೇಳಿದಾಗಲೆಲ್ಲ ನಿಜವೇ ಆಗಿತ್ತು ಎಂದಾಗುತ್ತದೆ. ನನ್ನ ಬಗ್ಗೆ ಅವನು ಹೇಳಿದ ಕಥೆಗಳನ್ನು ನಿಜ ಮಾಡುವ ಅಧಿಕಾರ ಮಾತ್ರ ನಿಮ್ಮ ಸಭೆಗಿಲ್ಲ, ಯಾವ ನ್ಯಾಯಾಲಯಕ್ಕೂ ಇಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.