ರಾಜಸಭೆ ಪರದೇಲಿ ನಿದ್ದೆ ಹೊಡೀತಿದ್ದ ಮಂತ್ರಿ

ನಿಮ್ಮ ದೊಡ್ಡತಾತ ಧೈರ್ಯವಂತ ಕಲಾವಿದ ಅಂತೆ. ಸಹಕಾರನಗರದ ಆ ಸಭೇಲಿ ಮೈಕ್ ಹಿಡ್ಕೊಂಡೋನು ಅಂದಿದ್ದೇ ಅಂದಿದ್ದು, ನೀವು ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಯಾರಿಗೂ ಹೆದರದೆ ಬರೆದ್ರಂತೆ. ಹೆದರೋ ಕೆಲಸಾನೆಲ್ಲ ಮನೆ ಹೆಂಗಸರಿಗೆ ಬಿಟ್ಟಿದ್ರಲ್ಲ, ಅವರಿಗೇನು. ಬನ್ನಿ, ಜಗಲಿ ಮೇಲೆ ಕೂತ್ಕೊಳ್ಳಿ, ಆ ಭಾಷಣದೋನು ಬಿಟ್ಟಿದ್ದನ್ನ ನಾನ್ ಹೇಳ್ತೀನಿ.

ಹನುಮಂತು ಅಂದ್ರೆ ನಿಮ್ಮ ತಾತನ ಸ್ವಂತ ಅಣ್ಣ, ನನಗೆ ಬಾವ ಆಗ್ಬೇಕು. ನಾನು ಮದುವೆಯಾಗಿ ಪುಟ್ಟೇನಹಳ್ಳಿಗೆ ಬಂದ ಹೊಸದರಲ್ಲಿ ಅವರು ಬಸ್ಸಿಗೆ ಬೋರ್ಡು ಬರೆಯೋರು, ಲಾರಿ ಹಿಂದೆ ನವಿಲು ಬರೆಯೋರು. ಅಷ್ಟಕ್ಕೇ ಸುಮ್ಮನಿದ್ದಿದ್ರೆ ಚಿನ್ನದಂಥ ಮನುಷ್ಯ ಕಣ್ರೋ. ಪಟ್ಟಣದ ಪತ್ರಿಕೆಗೆ ನಗೆಚಿತ್ರ ಕಳಿಸೋ ಚಟ ಹತ್ತಿಸ್ಕೊಂಡ್ರು. ತಾಲ್ಲೂಕು ಕಚೇರಿ ಸಾಹೇಬ್ರನ್ನ ಕಾಗದದ ಬಣವೆ ಮೇಲೆ ಮೆಲುಕು ಹಾಕೋ ಎಮ್ಮೆ ಮಾಡಿ ಬರೆದ್ರು. ಊರೆಲ್ಲ ನಕ್ತು, ಸರಿ. ಆದ್ರೆ ನಮ್ಮ ನಾದಿನಿ ಜಯಂಗೆ ಯಲಹಂಕದಿಂದ ಒಂದು ಸಂಬಂಧ ಬಂದಿತ್ತು, ಆ ಹುಡುಗನ ಚಿಕ್ಕಪ್ಪ ಅದೇ ಕಚೇರೀಲಿ ಗುಮಾಸ್ತ. ಎಲೆ ಅಡಿಕೆ ತಟ್ಟೆ ಬಂದ ದಾರೀಲೇ ವಾಪಸ್ ಹೋಯ್ತು. ಜಯ ಹಿತ್ತಿಲಲ್ಲಿ ಕೂತು ಅತ್ತಳು. ಬಾವ ಏನಂದ್ರು ಗೊತ್ತಾ? "ಎಮ್ಮೆ ಚೆನ್ನಾಗಿ ಬಂದಿತ್ತು ಅಲ್ವೇನಮ್ಮಾ" ಅಂತ ನನ್ನ ಕೇಳಿದ್ರು.

ಆಮೇಲೆ ಅಬ್ಬಿಗೆರೆಯಿಂದ ಇನ್ನೊಂದು ಸಂಬಂಧ ಕೂಡಿ ಬಂತು. ಹುಡುಗ ಮೆತ್ತನೆಯೋನು, ಅವನ ತಾಯಿ ಮಾತ್ರ ಮೆಣಸಿನಕಾಯಿ. ಬೂಂದಿ ಲಾಡು ಹಾಕಿಸ್ಲೇಬೇಕು ಅಂದ್ಲು. ನಮ್ಮತ್ತೆ ಬೆಲ್ಲದ ಪಾಯಸ ಅಂದಿದ್ದಕ್ಕೆ, "ಪಾಯಸ ಕುಡಿದು ಹೋಗೋಕೆ ನಾವೇನು ತಿಥಿಗೆ ಬರ್ತಾ ಇದೀವಾ" ಅಂತ ಕೇಳೋದಾ. ಆಗ ಸಕ್ಕರೆ ಅಂದ್ರೆ ಈಗಿನ ಹಂಗೆ ಅಂಗಡೀಲಿ ಸುರಿದಿರ್ಲಿಲ್ಲ. ರೇಷನ್ನು. ಮದುವೆ ಸಕ್ಕರೆಗೆ ಪರ್ಮಿಟ್ ಬೇಕು. ಈ ಮನೇಲಿ ಮದುವೆ ಇರೋದು ನಿಜ ಅಂತ ಪಂಚಾಯ್ತಿ ಚೇರ್ಮನ್ ಪಿಳ್ಳಪ್ಪ ರುಜು ಹಾಕ್ಬೇಕು, ಆಮೇಲೆ ಡಿಪೋ ಗಂಗಣ್ಣ ಮನಸ್ಸು ಮಾಡಿ ತೂಗ್ಬೇಕು. ಇಬ್ಬರಲ್ಲಿ ಒಬ್ಬ ಮುಖ ತಿರುಗಿಸಿದ್ರೂ ಲಾಡು ಇಲ್ಲ, ಲಾಡು ಇಲ್ದಿದ್ರೆ ಜಯನ ಮದುವೆ ಇಲ್ಲ.

ಇಂಥಾ ಹೊತ್ತಲ್ಲೇ ಊರ ನಾಟಕಕ್ಕೆ ರಾಜಸಭೆ ಪರದೆ ಬರೆಯೋ ಕೆಲಸ ಬಾವಂಗೆ ಬಂತು. ಬಣ್ಣದ ಪುಡಿಗೆ ಚರ್ಮದ ಅಂಟು ಕಾಯಿಸಿ ಹಾಕ್ಬೇಕು, ಅದನ್ನ ಕಾಯಿಸಿದ್ದು ಯಾವುದರಲ್ಲಿ? ನನ್ನ ಮುದ್ದೆ ಪಾತ್ರೇಲಿ. ಎಷ್ಟು ಹುಣಸೆಹಣ್ಣು ಹಾಕಿ ಉಜ್ಜಿದ್ರೂ ಮುದ್ದೇಲಿ ಸತ್ತ ದನದ ವಾಸನೆ. ಹೋಗ್ಲಿ ಬಿಡಿ, ಪರದೆ ವಿಷಯ ಹೇಳ್ತಿದ್ದೆ. ಪರದೇನ ಒಣಗೋಕೆ ದೇವಸ್ಥಾನದ ಮುಂದೆ ಹರವಿದ್ರು. ಸಿಂಹಾಸನ, ಕಂಬ, ಪತಾಕೆ, ಎಲ್ಲಾ ಸೊಗಸಾಗಿತ್ತು, ಸುಳ್ಳು ಹೇಳ್ಬಾರ್ದು. ಆದ್ರೆ ಮೂಲೇಲಿ ಒಬ್ಬ ಮಂತ್ರಿ, ಬೂದುಗುಂಬಳದ ಹಂಗೆ ಹೊಟ್ಟೆ ಬಿಟ್ಕೊಂಡು, ಬಾಯಿ ತೆರಕೊಂಡು ನಿದ್ದೆ ಹೊಡೀತಾ ಇದಾನೆ. ಬೆಳಗ್ಗೆ ಚೇರ್ಮನ್ ಬಂದು ನೋಡಿದ್ರು. "ನಾನು ಮೀಟಿಂಗಲ್ಲಿ ಒಂದ್ ಗಳಿಗೆ ಕಣ್ ಮುಚ್ಚಿದ್ರೆ ಇಂಗಾ ಬರೆಯೋದು? ಸಕ್ಕರೆ ಬೇಕಾ ನಿಮಗೆ, ಸಕ್ಕರೆ?" ಅಂದು ಹೊರಟೋದ್ರು. ಮಧ್ಯಾಹ್ನ ಗಂಗಣ್ಣ ಬಂದ. "ನನ್ ಹೊಟ್ಟೆ ಮೇಲೆ ಕಣ್ಣೇನಯ್ಯ ನಿಂಗೆ" ಅಂತ ಅವನೂ ರೇಗ್ದ.

ನಮ್ಮತ್ತೆ ಮಗನ ಮುಂದೆ ಸೆರಗು ಒಡ್ಡಿದ್ರು. "ಲೋ ಹನುಮ, ಆ ಚಿತ್ರ ನಿಮ್ದಲ್ಲ ಅಂತ ಅವರಿಬ್ರಿಗೂ ಒಂದ್ ಮಾತು ಏಳ್ಬುಡೋ. ತಂಗಿ ಮದುವೆ ಕಣೋ."

"ಹೆಸರು ನಾನೇನಾದ್ರೂ ಬರೆದಿದೀನಾ ಅವ್ವಾ? ತಮ್ದು ಅಂತ ಅವರೇ ಒಪ್ಕೊಂಡ್ರೆ ನಾನ್ಯಾಕೆ ಬೇಡ ಅನ್ಲಿ" ಅಂತ ಕುಂಚ ತೊಳೀತಾ ಕೂತ್ರು. ಕುಂಚ ತೊಳೆಯೋಕೆ ನನ್ನ ಬಿಂದಿಗೆ ನೀರು.

ಇನ್ನು ಗಂಡಸರನ್ನ ನಂಬಿದ್ರೆ ಆಯ್ತು ಅಂದ್ಕೊಂಡು ನಾನೇ ಹೊರಟೆ. ಕೆರೆ ಹತ್ರ ಬಟ್ಟೆ ಒಗೀತಾ ಚೇರ್ಮನ್ ಹೆಂಡ್ತಿ ಸಾಕಮ್ಮನ ಪಕ್ಕ ಕೂತು ಮೆಲ್ಲಗೆ ಅಂದೆ, "ಅಕ್ಕಾ, ಯಾರಿಗೂ ಹೇಳ್ಬೇಡಿ, ಆ ಮಂತ್ರಿ ನಿಮ್ಮೋರಲ್ಲ. ಡಿಪೋ ಗಂಗಣ್ಣ."

"ಅದಕ್ಕೇನೇ, ಆ ಹೊಟ್ಟೆ ನೋಡಿ ನಂಗೂ ಅನುಮಾನ ಬಂತು ಕಣೇ" ಅಂದ್ಲು ಸಾಕಮ್ಮ. ಅಲ್ಲಿಂದ ಸೀದಾ ಡಿಪೋಗೆ ಹೋಗಿ ಗಂಗಣ್ಣನ ಕಿವೀಲಿ, "ಅಣ್ಣಾ, ಅದು ನೀವಲ್ಲ, ಚೇರ್ಮನ್ನು. ನಿದ್ದೆ ಮಾಡೋರು ಯಾರು ಅಂತ ಊರಿಗೇ ಗೊತ್ತಲ್ಲ" ಅಂದೆ. ಅವನ ಮುಖ ನೋಡ್ಬೇಕಿತ್ತು, ಹಬ್ಬ. ರುಜು ಬಿತ್ತು, ಸಕ್ಕರೆ ಬಂತು, ಲಾಡು ಕಟ್ಟಿದ್ದಾಯ್ತು. ನಿಮ್ಮ ದೊಡ್ಡತಾತ ಊರಿನೋರ ಮೇಲೆ ಬರೆದಿದ್ದೆಲ್ಲ ಒಂದು ಕಡೆ, ನನ್ನ ಆ ಎರಡು ಮಾತು ಒಂದು ಕಡೆ.

ಮದುವೆ ದಿನ ತಾಳಿ ಕಟ್ಟಿದ್ದಾಯ್ತು, ಊಟಕ್ಕೆ ಪಂಕ್ತಿ ಕೂತಿತು. ಚೇರ್ಮನ್ನು, ಗಂಗಣ್ಣ ಅಕ್ಕಪಕ್ಕ, ಎದುರು ಸಾಲಲ್ಲಿ ಮದುಮಕ್ಕಳು, ಗಂಡಿನ ಕಡೆಯೋರು. ಚೇರ್ಮನ್ನು ಗಂಗಣ್ಣನ್ನ ನೋಡಿ ಮುಸಿಮುಸಿ, ಗಂಗಣ್ಣ ಚೇರ್ಮನ್ನರನ್ನ ನೋಡಿ ಮುಸಿಮುಸಿ. ಆಗ ಸಾರಿನ ಬಕೆಟ್ ಹಿಡ್ಕೊಂಡು ಬಾವ ಬಂದ್ರು. ಬಡಿಸೋಕೆ ಅವರನ್ನ ಯಾರು ಬಿಟ್ಟಿದ್ದೋ ಕಾಣೆ. ಚೇರ್ಮನ್ ಖುಷೀಲಿ, "ಏನ್ ಹನುಮಂತು, ಈಗ್ಲಾದ್ರೂ ಎಲ್ಲರ ಮುಂದೆ ಏಳ್ಬುಡು, ಆ ಮಂತ್ರಿ ಯಾರು" ಅಂದ್ರು. ನಾನು ಕಂಬದ ಹಿಂದಿಂದ ಕೈ ಆಡಿಸ್ದೆ, ಕಣ್ಣು ಮಾಡ್ದೆ. ಬಾವ ಸೌಟು ಬಕೆಟ್ಟಲ್ಲಿಟ್ಟು, ಬಹಳ ಮರ್ಯಾದೆಯಿಂದ ಹೇಳಿದ್ರು.

"ಬಾಯಿ ನಿಮ್ದು ಚೇರ್ಮನ್ರೇ, ಹೊಟ್ಟೆ ಗಂಗಣ್ಣನವರ್ದು."

ಇಬ್ಬರೂ ಎಲೆ ಬಿಟ್ಟು ಎದ್ರು. ಆಗೆಲ್ಲ ಪಂಕ್ತೀಲಿ ದೊಡ್ಡೋರು ಎದ್ದ ಮೇಲೆ ಮಿಕ್ಕೋರು ಉಣ್ಣೋ ಹಂಗಿಲ್ಲ, ಸಾಲಿಗೆ ಸಾಲೇ ಎದ್ದು ನಿಂತಿತು. ಲಾಡು ಇನ್ನೂ ಮುರಿದಿರ್ಲಿಲ್ಲ. ಗಂಡಿನ ತಾಯಿ, "ಕರೆದು ಎಲೆ ಹಾಕಿ ಅವಮಾನ ಮಾಡಿದ್ರಿ, ನಿಮ್ಮ ಹೆಣ್ಣನ್ನ ನೀವೇ ಇಟ್ಕೊಳ್ಳಿ" ಅಂತ ಸೆರಗು ಕೊಡವಿದ್ಲು. ಜಯ ಅರಿಶಿನದ ಕೊಂಬಿನ ಹಂಗೆ ಬಿಗಿದು ನಿಂತುಬಿಟ್ಲು. ಆಗ ಆ ಹುಡುಗ, ಅದೇ ನಿಮ್ಮ ಅಬ್ಬಿಗೆರೆ ತಾತ, ಒಬ್ಬನೇ ಏಳ್ಲಿಲ್ಲ. "ಅಮ್ಮಾ, ಬೆಳಗ್ಗೆಯಿಂದ ಉಪವಾಸ ಇದೀನಿ, ನಾನು ಏಳಲ್ಲ" ಅಂತ ಲಾಡು ಮುರಿದು ಬಾಯಿಗಿಟ್ಕೊಂಡ. ಇನ್ನರ್ಧ ಜಯನ ಎಲೆಗೆ ಹಾಕ್ದ. ಮದುಮಗನೇ ಉಣ್ತಾ ಕೂತ ಮೇಲೆ ಹೆಣ್ಣನ್ನ ಬಿಟ್ಟು ಹೋಗೋದು ಹೆಂಗೆ.

ಜಯ ಹೋದ್ಲು, ಬಾಳಿದ್ಲು. ಅವಳತ್ತೆ ಸಾಯೋವರೆಗೂ "ನಿಮ್ಮ ಮನೇಲಿ ಅರ್ಧ ಹೊಟ್ಟೇಲಿ ಎದ್ದೋರು ನಾವು" ಅಂತ ಚುಚ್ಚಿದ್ದು ತಪ್ಪಲಿಲ್ಲ. ಗಂಗಣ್ಣ ಇರೋವರೆಗೂ ನಮಗೆ ಸಿಕ್ಕಿದ್ದು ಕಲ್ಲು ಬೆರೆತ ಅಕ್ಕಿ, ಸೀಮೆಎಣ್ಣೆ ಕೇಳಿದ್ರೆ ಖಾಲಿ ಡಬ್ಬ ಬಡಿದು ತೋರಿಸ್ತಿದ್ದ. ಬಾವ? ಅವರು ಅದನ್ನೂ ಬರೆದು ಪತ್ರಿಕೆಗೆ ಕಳಿಸಿದ್ರು, ಪಂಕ್ತಿ ಎದ್ದು ನಿಂತಿರೋದು, ಒಬ್ಬನೇ ಉಣ್ತಾ ಇರೋದು. ಮೊನ್ನೆ ಸಭೇಲಿ ದೊಡ್ಡದು ಮಾಡಿ ತೂಗು ಹಾಕಿದ್ರಲ್ಲ, ನೀವೆಲ್ಲ ನಕ್ಕಿರಿ. ನಗಿ. ನಿಜ ಹೇಳೋದು ಒಳ್ಳೇದೇ, ನಾನು ಬೇಡ ಅನ್ನಲ್ಲ, ಎಲೆ ಎತ್ತಿದ ಮೇಲೆ ಹೇಳಿ. ಏಳಿ ಈಗ, ಕೈ ತೊಳ್ಕೊಳ್ಳಿ, ಸಾರು ಆರ್ತಾ ಇದೆ.